ಪೆರುಂಬಾವೂರಿನ ಟೀಚರ್, ನಮ್ಮೂರಿನ ಟಿ.ಸಿ.

ಮಳೆಗಾಲದ ಆರಂಭದಲ್ಲಿ ಇಲ್ಲಿ ಕೇರಳದ ಪೆರುಂಬಾವೂರಿನ ಸರ್ಕಾರಿ ಶಾಲೆಯೊಂದರಿಂದ ನನಗೆ ಕರೆ ಬಂತು. ನಾನು ಲೆಕ್ಕ ಬರೆಯುವ ಪ್ಲೈವುಡ್ ಕಾರ್ಖಾನೆಯಲ್ಲಿ ಕನ್ನಡದವನೊಬ್ಬನಿದ್ದಾನೆ ಎಂದು ತಿಳಿದ ಟೀಚರ್ ನನ್ನ ನಂಬರ್ ಹುಡುಕಿಸಿ ತೆಗೆದಿದ್ದರು. ಕೇಬಲ್ ಗುಂಡಿ ತೋಡಲು ಬಂದವರ ಮಗಳೊಬ್ಬಳು ಶಾಲೆಗೆ ಬರುತ್ತಿಲ್ಲ, ತಾಯಿಗೆ ಮಲಯಾಳವೂ ಬಾರದು, ಹಿಂದಿಯೂ ಬಾರದು, ಬಂದು ಮಾತನಾಡಿಸುತ್ತೀರಾ ಎಂದು ಕೇಳಿದರು. ಅವರ ಶೆಡ್ಡಿಗೆ ಹೋಗಿ ನೋಡಿದರೆ ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರು ಕಡೆಯವರು.

ಹುಡುಗಿಗೆ ಹತ್ತು ವರ್ಷವಿರಬಹುದು. ಸೊಂಟದ ಮೇಲೆ ಮೂರು ವರ್ಷದ ತಮ್ಮ. ಅವನ ಕಾಲು ಉಜ್ಜಿ ಉಜ್ಜಿ ಅವಳ ಲಂಗದ ಆ ಒಂದು ಮಗ್ಗುಲು ಮಾತ್ರ ಮಾಸಿಹೋಗಿತ್ತು. "ಅಣ್ಣಾ, ಇವಳು ಶಾಲೆಗೆ ಹೋದರೆ ಇವನನ್ನು ಯಾರು ನೋಡಿಕೊಳ್ಳಬೇಕು?" ಎಂದರು ತಾಯಿ. ಟೀಚರ್‌ಗೆ ಅದನ್ನು ಹೇಳಿದೆ. ಓದಿನ ಮಹತ್ವದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಶೆಡ್ಡಿನ ಮುಂದೆ ನಿಂತೇ ಅಂಗನವಾಡಿಗೆ ಫೋನ್ ಮಾಡಿ ತಮ್ಮನಿಗೆ ಜಾಗ ಕೇಳಿದರು. ಮುಂದಿನ ವಾರ ಹುಡುಗಿ ತರಗತಿಯಲ್ಲಿದ್ದಳು.

ಇದು ಒಬ್ಬ ಟೀಚರ್‌ನ ಒಳ್ಳೆಯತನ ಮಾತ್ರವಲ್ಲ. ವಲಸೆ ಕಾರ್ಮಿಕರ ಮಕ್ಕಳಿಗಾಗಿಯೇ ಎರ್ನಾಕುಲಂ ಜಿಲ್ಲಾಡಳಿತ 2017ರಲ್ಲಿ 'ರೋಶ್ನಿ' ಎಂಬ ಯೋಜನೆ ಆರಂಭಿಸಿತು. ಶಾಲೆಯ ಗಂಟೆ ಬಾರಿಸುವ ಮುನ್ನವೇ ಈ ಮಕ್ಕಳಿಗೆ ಪಾಠ, ಜೊತೆಗೆ ಬೆಳಗಿನ ತಿಂಡಿ. ಹಿಂದಿ, ಬಂಗಾಳಿ, ಒಡಿಯಾ ಬಲ್ಲ ಸ್ವಯಂಸೇವಕರು ಮಕ್ಕಳನ್ನು ಮನೆಮಾತಿನಿಂದ ಮಲಯಾಳಕ್ಕೆ ದಾಟಿಸಿದರು. ಬಿಹಾರದಿಂದ ದುಡಿಯಲು ಬಂದವರೊಬ್ಬರ ಮಗಳು ಇದೇ ಪೆರುಂಬಾವೂರಿನ ಕಾಲೇಜಿನಲ್ಲಿ ಓದಿ, 2020ರಲ್ಲಿ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಬಿ.ಎ. ಪುರಾತತ್ವ ವಿಭಾಗದಲ್ಲಿ ಮೊದಲ ರ್‍ಯಾಂಕ್ ಪಡೆದಾಗ ಊರಿಗೆ ಊರೇ ಅವಳನ್ನು ನಮ್ಮವಳು ಎಂದಿತು.

ಶೆಡ್ಡಿನ ಮುಂದೆ ನಿಂತ ಆ ಟೀಚರ್ ಅವರನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮೂರು ದಾವಣಗೆರೆ. ಪಂಚಮಿ ಉಂಡೆಯ ಆಸೆಗೆ ಊರಿಗೆ ಹೋಗಿದ್ದೆ. ಮನೆಯ ಹಿಂದೆ ಹೊಸ ಕಟ್ಟಡ ಏಳುತ್ತಿತ್ತು. ಲಿಂಗಸುಗೂರು ಕಡೆಯ ಗಾರೆ ಕೆಲಸದವರ ಮಗಳು ನಮ್ಮ ನಲ್ಲಿಗೆ ನೀರಿಗೆ ಬರುತ್ತಿದ್ದಳು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿದ್ದಳು. ಅವಳನ್ನೂ ಅವಳ ತಂದೆಯನ್ನೂ ಹತ್ತಿರದ ಶಾಲೆಗೆ ಕರೆದುಕೊಂಡು ಹೋದೆ. ಮೊದಲ ಪ್ರಶ್ನೆಯೇ ಟಿ.ಸಿ., ಅಂದರೆ ಹಳೆಯ ಶಾಲೆಯ ವರ್ಗಾವಣೆ ಪತ್ರ, ಎಲ್ಲಿ ಎಂಬುದು. ಆಮೇಲೆ ಆಧಾರ್. ಆಮೇಲೆ, ಹಳೆಯ ಶಾಲೆಯವರು ಆನ್‌ಲೈನಿನಲ್ಲಿ ಹೆಸರು ಬಿಟ್ಟುಕೊಡಲಿ, ಅಲ್ಲಿಯವರೆಗೆ ನಮ್ಮ ಕೈಯಲ್ಲಿಲ್ಲ ಎಂಬ ಉತ್ತರ. ಹುಡುಗಿಯ ಹೆಸರನ್ನು ಯಾರೂ ಕೇಳಲೇ ಇಲ್ಲ. ಒಂದು ದಿನದ ಕೂಲಿ ಕಳೆದುಕೊಂಡ ತಂದೆ ಮತ್ತೆ ಆ ಕಡೆ ಸುಳಿಯಲಿಲ್ಲ.

ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಹೇಳುತ್ತದೆ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು 4ನೆಯ ಸೆಕ್ಷನ್ ಹೇಳುತ್ತದೆ. ಕಾಯ್ದೆ ಎರಡೂ ರಾಜ್ಯಗಳಿಗೆ ಒಂದೇ. ಇಲ್ಲಿ ಭಾಷೆ ಗೊತ್ತಿಲ್ಲದ ಹುಡುಗಿಗಾಗಿ ಭಾಷೆ ಬಲ್ಲವನನ್ನು ಹುಡುಕುತ್ತಾರೆ. ಅಲ್ಲಿ ನಮ್ಮದೇ ಕನ್ನಡ ಮಾತನಾಡುವ ಹುಡುಗಿ ಬಾಗಿಲಿಂದ ವಾಪಸಾಗುತ್ತಾಳೆ. ಇದು ನನ್ನನ್ನು ಇಂದಿಗೂ ಉರಿಸುತ್ತದೆ.

ಹೆಣ್ಣುಮಕ್ಕಳಿಗೆ ನಮ್ಮ ಸರ್ಕಾರ ಕೊಟ್ಟದ್ದು ಕಡಿಮೆಯೇನಲ್ಲ. 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಬಾಂಡ್, ಎಂಟನೆಯ ತರಗತಿಗೆ ಕೊಡುತ್ತಿದ್ದ ಸೈಕಲ್, 2013ರಿಂದ ಹಾಲು, ಈಗ ಮೊಟ್ಟೆ. ಆದರೆ ಶಾಲೆಯಲ್ಲಿ ಸಿಗುವುದೆಲ್ಲ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಜಗಳೂರು, ಹೊಸದುರ್ಗದ ತಾಂಡಾಗಳಿಂದ ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿಗೆ ಹೊರಟ ಕುಟುಂಬ ಮರಳುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಎದುರಿಗೇ ಇರುತ್ತದೆ. ಹುಡುಗನನ್ನಾದರೂ ಅಜ್ಜಿಯ ಹತ್ತಿರ ಬಿಟ್ಟು ಓದಿಸುತ್ತಾರೆ. ಹುಡುಗಿ ಹೋಗಲೇಬೇಕು, ಗಂಜಿ ಕಾಯಿಸಲು, ಕೂಸು ಎತ್ತಲು.

ಇದನ್ನೆಲ್ಲ ದಾವಣಗೆರೆ ತಾಲ್ಲೂಕಿನಲ್ಲಿ ಶಿಕ್ಷಕಿಯಾಗಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಸಿಟ್ಟು ಬಂತು. "ಇಬ್ಬರು ಟೀಚರು, ಐದು ತರಗತಿ. ಮೊಟ್ಟೆಯ ಲೆಕ್ಕ ನಾನೇ ಬರೆಯಬೇಕು, ಮತದಾರರ ಪಟ್ಟಿಗೂ ನಾನೇ ಮನೆ ಮನೆ ತಿರುಗಬೇಕು. ಇನ್ನು ಶೆಡ್ಡಿಗೆ ಯಾವಾಗ ಹೋಗಲಿ, ಹೇಳು" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ವಲಸೆಯ ತಿಂಗಳುಗಳಿಗೆಂದೇ ಋತುಮಾನ ಹಾಸ್ಟೆಲ್ ನಡೆಸಿದ್ದು, ಕಸ್ತೂರಬಾ ವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಊಟ, ವಸತಿ, ಓದು ಒಂದೇ ಕಡೆ ಕೊಟ್ಟದ್ದು ನಮ್ಮ ಕಡೆಯಲ್ಲೂ ಇದೆ ಎಂದು ಅವಳೇ ನೆನಪಿಸಿದಳು. ಒಪ್ಪಿಕೊಳ್ಳಬೇಕಾಯಿತು.

ಇಲ್ಲಿಯದೂ ಎಲ್ಲ ಸರಿಯಿಲ್ಲ. 2023ರ ಜುಲೈನಲ್ಲಿ ಆಲುವಾದಲ್ಲಿ ಬಿಹಾರದ ಕಾರ್ಮಿಕರ ಐದು ವರ್ಷದ ಮಗಳನ್ನು ಒಬ್ಬ ಹಗಲಲ್ಲೇ ಎತ್ತಿಕೊಂಡು ಹೋಗಿ ಕೊಂದ. ಆಮೇಲಿನ ದಿನಗಳಲ್ಲಿ ಸಂಜೆ ಶಾಲೆಯಿಂದ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರ ಮುಖಗಳನ್ನು ನಾನು ಮರೆತಿಲ್ಲ. ಅಪರಾಧಿಗೆ ಅದೇ ವರ್ಷ ಮಕ್ಕಳ ದಿನದಂದು ಮರಣದಂಡನೆ ವಿಧಿಸಿದರು. ಕೆಲಸ ಮುಗಿದು ತಾಯಿ ಬರುವವರೆಗೆ ಎಷ್ಟೋ ಶೆಡ್ಡುಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಈಗಲೂ ಇಲ್ಲ.

ಆದರೂ ಅಕ್ಕನ ಮಾತಿನಲ್ಲೇ ದಾರಿಯೂ ಇದೆ. ಶೆಡ್ಡಿಗೆ ಹೋಗಬೇಕಾದವಳು ಅವಳಲ್ಲ. ದಾವಣಗೆರೆಯಲ್ಲಿ ಬಿ.ಇಡಿ. ಮುಗಿಸಿ ಮನೆಯಲ್ಲಿ ಕುಳಿತ, ಹಿಂದಿ, ತೆಲುಗು ಬಲ್ಲ ಎಷ್ಟೋ ಯುವತಿಯರಿದ್ದಾರೆ. ಅವರಿಗೆ ಗೌರವಧನ ಕೊಟ್ಟು, ಬೆಳಗಿನ ಒಂದು ಗಂಟೆ ಪಾಠ, ಸಂಜೆ ಒಂದು ಸುತ್ತು ಶೆಡ್ಡುಗಳ ಕಡೆ ಎಂದು ಜಿಲ್ಲಾ ಪಂಚಾಯಿತಿ ಈ ಜೂನ್‌ನಲ್ಲೇ ಶುರು ಮಾಡಬಹುದು. ಟಿ.ಸಿ. ತರಿಸುವ ಕೆಲಸವನ್ನು ಶಾಲೆಯೇ ಮಾಡಲಿ.