ಓನರ್ ಮಗನ ಹೆವಿ ಮೆಟಲ್

ಬಾಡಿಗೆ ಮನೆ ನೋಡಲು ಹೋದಾಗ ನಾವೆಲ್ಲ ಏನು ಕೇಳುತ್ತೇವೆ? ಕಾವೇರಿ ನೀರು ಬರುತ್ತಾ, ಬೋರ್ ಇದೆಯಾ, ಗಾಡಿ ನಿಲ್ಲಿಸೋಕೆ ಜಾಗ ಇದೆಯಾ, ಅಡ್ವಾನ್ಸ್ ಸ್ವಲ್ಪ ಕಮ್ಮಿ ಮಾಡ್ಕೊಳ್ತೀರಾ. ಓನರ್ ಕೂಡ ಕೇಳುತ್ತಾರೆ. ವೆಜ್ಜಾ ನಾನ್‌ವೆಜ್ಜಾ, ಎಷ್ಟು ಜನ, ನೆಂಟರಿಷ್ಟರು ಜಾಸ್ತಿ ಬರ್ತಾರಾ. ನಿಮ್ಮ ಮಗನಿಗೆ ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ್ದೀರಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕು. ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಬೇಕು.

ನಮ್ಮ ಓನರ್ ಮಹಡಿ ಮೇಲಿದ್ದಾರೆ, ನಾವು ಕೆಳಗೆ. ಒಳ್ಳೆಯ ಜನ. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾರೆ. ಬಾಡಿಗೆ ಎರಡು ದಿನ ತಡವಾದರೂ ಮುಖ ಗಂಟು ಹಾಕುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಕೆಟ್ಟ ಓನರ್ ಆಗಿದ್ದರೆ ಜಗಳ ಆಡಿ ಮನೆ ಖಾಲಿ ಮಾಡಬಹುದಿತ್ತು.

ಅವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅಂದರೆ ಓದುತ್ತಿದ್ದಾನೆ ಅಂತ ಅವರು ಹೇಳುತ್ತಾರೆ. ನನಗೆ ಕೇಳಿಸುವ ಪ್ರಕಾರ ಅವನು ಗೆಳೆಯರ ಜೊತೆ ಹೆವಿ ಮೆಟಲ್ ಬ್ಯಾಂಡ್ ಕಟ್ಟಿದ್ದಾನೆ. ಪ್ರಾಕ್ಟೀಸ್ ನಡೆಯುವುದು ಸರಿಯಾಗಿ ನನ್ನ ಟೇಬಲ್ಲಿನ ಮೇಲಿರುವ ರೂಮಿನಲ್ಲಿ. ಈಗ ಕಾಲೇಜಿಗೆ ಸ್ಟಡಿ ಹಾಲಿಡೇಸ್ ಬೇರೆ. ಹಾಗಾಗಿ ಇವತ್ತು ಬೆಳಗ್ಗೆ ಹತ್ತಕ್ಕೇ ಶುರು. ಬೇಸ್ ಗಿಟಾರ್ ಒಂದು ಸಲ ಗುಂಯ್ ಅಂದರೆ ನಮ್ಮ ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ಲೋಟಗಳಲ್ಲಿ ಮೂರನೆಯದು ಮಾತ್ರ ನಡುಗುತ್ತದೆ. ಉಳಿದವು ಸುಮ್ಮನಿರುತ್ತವೆ. ಅದಕ್ಕೂ ಆ ಸ್ವರಕ್ಕೂ ಏನೋ ಋಣಾನುಬಂಧ ಇರಬೇಕು. ಆಫೀಸಿನ ಮೀಟಿಂಗಿನಲ್ಲಿ ಮ್ಯಾನೇಜರ್ ಮಾತು ನಿಲ್ಲಿಸಿ, ಅದೇನು ಸದ್ದು ಅಂತ ಕೇಳಿದರು. ರಸ್ತೆಗೆ ವೈಟ್ ಟಾಪಿಂಗ್ ಮಾಡ್ತಿದಾರೆ ಸಾರ್ ಅಂದೆ. ಬೆಂಗಳೂರಲ್ಲಿ ಇದನ್ನು ನಂಬದವರಿಲ್ಲ.

ಓನರ್ ಹತ್ತಿರ ಹೇಳಿ ನೋಡಿದ್ದೇನೆ. "ಹುಡುಗ್ರು ಅಲ್ವಾ ಸಾರ್, ಬೈಕ್ ತಗೊಂಡು ವೀಲಿಂಗ್ ಮಾಡೋದಕ್ಕಿಂತ ವಾಸಿ" ಅಂದರು. ಇದಕ್ಕೆ ಉತ್ತರ ಇಲ್ಲ. ಹಾಗಾಗಿ ನೇರವಾಗಿ ಹುಡುಗನ ಹತ್ತಿರವೇ ಮಾತಾಡಿದೆ. ಅವನು ಜಗಳ ಆಡುವುದಿಲ್ಲ, ಎದುರುತ್ತರ ಕೊಡುವುದಿಲ್ಲ, ಸಾರಿಯನ್ನೂ ಕೇಳುವುದಿಲ್ಲ. ನಾನು ಏನೇ ಹೇಳಿದರೂ ಬ್ಲ್ಯಾಕ್ ಸಬ್ಬತ್ ಕಥೆ ತೆಗೆಯುತ್ತಾನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಗೊತ್ತಿರಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಆಸ್ಟನ್ ಎಂಬ ಕಾರ್ಖಾನೆ ಪೇಟೆಯ ನಾಲ್ಕು ಹುಡುಗರು ಸೇರಿ ಕಟ್ಟಿದ ಬ್ಯಾಂಡ್ ಅದು. ಹೆವಿ ಮೆಟಲ್ ಅನ್ನುವುದು ಶುರುವಾಗಿದ್ದೇ ಅವರಿಂದ ಅಂತ ತುಂಬ ಜನ ಹೇಳುತ್ತಾರೆ. ಗಿಟಾರಿಗೆ ಟೋನಿ ಅಯೋಮಿ, ಡ್ರಮ್ಮಿಗೆ ಬಿಲ್ ವಾರ್ಡ್, ಹಾಡಲು ಓಜಿ ಆಸ್ಬರ್ನ್, ಬೇಸಿಗೆ ಗೀಜರ್ ಬಟ್ಲರ್. "ಗೀಜರ್ ಇಲ್ದೇ ಬ್ಯಾಂಡೇ ಇಲ್ಲ ಅಂಕಲ್" ಅಂತ ಅವನು ಅಂದಾಗ, ಬಾತ್‌ರೂಮಿನ ಗೀಜರ್ ಕೆಟ್ಟಿದೆ ಅಂತ ತಿಂಗಳಿಂದ ಹೇಳುತ್ತಿದ್ದ ನನಗೆ ಒಂದು ಕ್ಷಣ ಆಸೆ ಹುಟ್ಟಿದ್ದು ನಿಜ.

"ಅದೊಂದೇ ತುಂಡನ್ನ ಎಷ್ಟು ಸಲ ಬಾರಿಸ್ತೀಯಪ್ಪ?" ಅಂದೆ ಒಂದು ದಿನ.

"ಅಂಕಲ್, ಟೋನಿ ಅಯೋಮಿಗೆ ಬೆರಳೇ ಇರಲಿಲ್ಲ" ಅಂದ.

ಪೂರ್ತಿ ಇರಲಿಲ್ಲ ಅಂತಲ್ಲ. ಹದಿನೇಳನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಅವತ್ತು ಅಲ್ಲಿ ಅವನ ಕೊನೆಯ ದಿನ. ಮಷೀನಿಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಗಿಟಾರ್ ಮುಗೀತು ಅಂತ ಕೂತಿದ್ದಾಗ ಕಾರ್ಖಾನೆಯ ಮೇಸ್ತ್ರಿ ಬಂದು ಜ್ಯಾಂಗೋ ರೈನ್‌ಹಾರ್ಟ್ ಎಂಬ ಕಲಾವಿದನ ರೆಕಾರ್ಡ್ ಕೊಟ್ಟ. ಬೆಂಕಿಯಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳಲ್ಲಿ ನುಡಿಸಿದ ಮಹಾನುಭಾವ ಆತ. ಟೋನಿ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೋಪಿ ಮಾಡಿ, ಮೇಲೆ ಚರ್ಮದ ತುಂಡು ಅಂಟಿಸಿಕೊಂಡ. ಒತ್ತಲು ಸುಲಭವಾಗಲಿ ಅಂತ ತೆಳು ತಂತಿ ಹಾಕಿದ. ಮೂರನೇ ಆಲ್ಬಂ ಹೊತ್ತಿಗೆ ತಂತಿಗಳನ್ನೇ ಸಡಿಲ ಮಾಡಿ ಶ್ರುತಿ ಇಳಿಸಿದ. ಆ ಭಾರದ ಸದ್ದು ಬಂದಿದ್ದು ಹಾಗೆ.

ಕಥೆ ಕೇಳಿ ನನ್ನ ಕಣ್ಣು ತೇವವಾಗುವಷ್ಟರಲ್ಲಿ ಹುಡುಗ ತನ್ನ ಬೆರಳು ತೋರಿಸಿದ. ಒಂದು ಬೊಬ್ಬೆ ಎದ್ದಿತ್ತು. "ನಿಮ್ಮನೇಲಿ ಖಾಲಿ ಲಿಕ್ವಿಡ್ ಬಾಟಲಿ ಇದೆಯಾ ಅಂಕಲ್?"

ಇನ್ನೊಂದು ದಿನ ಹಾಡುವ ಹುಡುಗನ ವಿಷಯ ತೆಗೆದೆ. ಅದು ಹಾಡಲ್ಲ. ಸಿಲಿಂಡರ್ ಉರುಳಿಸಿಕೊಂಡು ಬರುವ ಸದ್ದಿಗೆ ಅದಕ್ಕಿಂತ ಶ್ರುತಿ ಇರುತ್ತದೆ. "ಓಜಿಯನ್ನ ನೋಡಿ ಟೋನಿ ಕೂಡ ಹಾಗೇ ಬೇಜಾರು ಮಾಡ್ಕೊಂಡಿದ್ದ ಅಂಕಲ್" ಅಂದ. ಅದೂ ನಿಜವಂತೆ. ಓಜಿ ಮ್ಯೂಸಿಕ್ ಅಂಗಡಿಯಲ್ಲಿ ಚೀಟಿ ಅಂಟಿಸಿದ್ದ: ಹಾಡುಗಾರನಿಗೆ ಅವಕಾಶ ಬೇಕು, ಸ್ವಂತ ಪಿಎ ಸಿಸ್ಟಮ್ ಇದೆ. ಚೀಟಿ ನೋಡಿ ಮನೆಗೆ ಹೋದ ಟೋನಿಗೆ, ಇವನು ತನ್ನ ಸ್ಕೂಲಿನಲ್ಲೇ ಇದ್ದ ಹುಡುಗ ಅಂತ ಗೊತ್ತಾಗಿ ಉತ್ಸಾಹವೇ ಇಳಿದುಹೋಯಿತು. ಆದರೂ ಕೊನೆಗೆ ಸೇರಿಕೊಂಡರು. ಸ್ಪೀಕರ್ ಇರುವವನನ್ನು ಯಾರು ಬಿಡುತ್ತಾರೆ? ಅದಕ್ಕೂ ಮುಂಚೆ ಓಜಿ ಕಸಾಯಿಖಾನೆಯಲ್ಲಿ ದುಡಿದಿದ್ದ. ಇನ್ನೊಂದು ಕಾರ್ಖಾನೆಯಲ್ಲಿ ಕಾರಿನ ಹಾರ್ನ್‌ಗಳ ಶ್ರುತಿ ಸರಿ ಮಾಡುತ್ತಿದ್ದ. ದಿನವಿಡೀ ಹಾರ್ನ್ ಕೇಳಿದವನು ರಾಕ್ ಸ್ಟಾರ್ ಆಗುವುದಾದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಟ್ರಾಫಿಕ್ ಪೊಲೀಸರಿಗೆ ಇಷ್ಟೊತ್ತಿಗೆ ವಿಶ್ವ ಪ್ರವಾಸ ಆಗಿರಬೇಕಿತ್ತು.

ಹೆಸರಿನ ಗೋಳು ಬೇರೆ. ಮೇಲಿನ ಹುಡುಗರು ಪ್ರತಿ ತಿಂಗಳು ಹೆಸರು ಬದಲಾಯಿಸಿ ಹೊಸ ಟಿ-ಶರ್ಟ್ ಮಾಡಿಸುತ್ತಾರೆ. ಹಳೆಯದು ನಮ್ಮ ಕೆಲಸದವಳ ಕೈಯಲ್ಲಿ ನೆಲ ಒರೆಸುವ ಬಟ್ಟೆಯಾಗಿ ಬರುತ್ತದೆ. ಕೊಂಬಿರುವ ತಲೆಬುರುಡೆಯಲ್ಲಿ ನಮ್ಮ ದೇವರ ಮನೆ ಒರೆಸಲಾಗುತ್ತಿದೆ. ಇದನ್ನು ಹೇಳಿದರೆ ಅದಕ್ಕೂ ಕಥೆ. ಬ್ಲ್ಯಾಕ್ ಸಬ್ಬತ್ ಮೊದಲು ಪೋಲ್ಕಾ ಟಲ್ಕ್ ಬ್ಲೂಸ್ ಬ್ಯಾಂಡ್ ಆಗಿತ್ತು, ಆಮೇಲೆ ಅರ್ಥ್ ಆಯಿತು. ಅರ್ಥ್ ಅಂತ ಇನ್ನೊಂದು ತಂಡ ಇದ್ದದ್ದರಿಂದ ಗೊಂದಲವಾಗಿ, ಪ್ರಾಕ್ಟೀಸ್ ಜಾಗದ ಎದುರು ಟಾಕೀಸಿನಲ್ಲಿ ಓಡುತ್ತಿದ್ದ ಒಂದು ದೆವ್ವದ ಸಿನಿಮಾದ ಹೆಸರು ಇಟ್ಟುಕೊಂಡರು. ಜನ ದುಡ್ಡು ಕೊಟ್ಟು ಹೆದರಿಕೊಳ್ಳಲು ಕ್ಯೂ ನಿಲ್ಲುತ್ತಾರಲ್ಲ, ಹಾಗಾದರೆ ಹೆದರಿಸುವ ಸಂಗೀತವನ್ನೇ ಮಾಡೋಣ ಅಂತ. ಒಳ್ಳೆ ವ್ಯಾಪಾರದ ಬುದ್ಧಿ. ನಾನು ದುಡ್ಡು ಕೊಟ್ಟೇ ಕೆಳಗೆ ಕೂತಿದ್ದೇನೆ, ತಿಂಗಳ ಐದನೇ ತಾರೀಕಿನೊಳಗೆ.

ಸದ್ದು ತಡೆಯಲು ಒಂದು ಪ್ರಯತ್ನ ಆಯಿತು, ಅದನ್ನೂ ಹೇಳಬೇಕು. ಯಾರೋ ಹೇಳಿದರಂತೆ, ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗಲ್ಲ ಅಂತ. ಹುಡುಗರು ಅಂಗಡಿ ಅಂಗಡಿ ಅಲೆದು ರಾಶಿ ತಂದರು. ಓನರ್ ತಾಯಿ ಮಡಿಯವರು, ಎಂಬತ್ತು ದಾಟಿದ ಅಜ್ಜಿ. ಮೆಟ್ಟಿಲ ಮೇಲೇ ತಡೆದರು. "ಏನೋ ಅದು? ಯಾವುದರ ತಟ್ಟೆ?" ಮೊಮ್ಮಗ ಆ್ಯಪಲ್ ಟ್ರೇ ಅಜ್ಜಿ ಅಂದ. ಅಷ್ಟು ಚಿಕ್ಕ ಆ್ಯಪಲ್ಲಾ ಅಂತ ಕೇಳಿ ಅಜ್ಜಿ ಒಳಗೆ ಹೋದರು. ಟ್ರೇ ಅಂಟಿತು, ಸದ್ದು ಹಾಗೇ ಇದೆ. ರಟ್ಟು ಹಗುರ, ಬೇಸ್ ಸದ್ದನ್ನು ತಡೆಯಲು ಭಾರದ ಗೋಡೆಯೇ ಬೇಕು. ಇಂಜಿನಿಯರಿಂಗ್ ಹುಡುಗರಿಗೆ ಇಷ್ಟೂ ಗೊತ್ತಿಲ್ಲವಾ ಅಂತ ನನ್ನ ಸಿಟ್ಟು.

ಆದರೆ ಅಜ್ಜಿಗೆ ಸಂಗೀತ ಗೊತ್ತು. ಚಿಕ್ಕಂದಿನಲ್ಲಿ ಪಾಠ ಆಗಿದೆ. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂನಲ್ಲಿ ಮಳೆ, ಗುಡುಗು, ಗಂಟೆ ಸದ್ದಾದ ಮೇಲೆ ಮೂರೇ ಸ್ವರದ ಒಂದು ತುಂಡು ಬರುತ್ತದೆ. ಹುಡುಗರು ಹಗಲೂ ರಾತ್ರಿ ಬಾರಿಸುವುದು ಅದನ್ನೇ. ಪಶ್ಚಿಮದವರು ಆ ಸ್ವರಗಳ ಅಂತರಕ್ಕೆ ಸೈತಾನನ ಹೆಸರಿಟ್ಟಿದ್ದಾರೆ ಅಂತ ಮೊಮ್ಮಗ ಹೆಮ್ಮೆಯಿಂದ ವಿವರಿಸಿದ. ಅಜ್ಜಿ ಒಂದು ಸಲ ಕಿವಿಗೊಟ್ಟು ಕೇಳಿದರು. "ಷಡ್ಜ, ಮೇಲಿನ ಷಡ್ಜ, ಪ್ರತಿ ಮಧ್ಯಮ. ಕಲ್ಯಾಣೀಲಿ ದಿನಾ ಬರತ್ತೆ. ಅದರಲ್ಲಿ ಯಾವ ಸೈತಾನ? ಅದು ಸರಿ, ಪಂಚಮಕ್ಕೆ ಯಾಕೋ ಹೋಗ್ತಾ ಇಲ್ಲ ನೀನು? ಅಲ್ಲೇ ನಿಂತುಬಿಟ್ಟಿದೀಯಲ್ಲ!" ನನ್ನ ಅಷ್ಟೂ ದಿನದ ಸಂಕಟವನ್ನು ಅಜ್ಜಿ ಒಂದೇ ಮಾತಲ್ಲಿ ಹೇಳಿಬಿಟ್ಟರು.

ಇಷ್ಟರ ನಡುವೆ ಬ್ಯಾಂಡ್ ಒಡೆಯಿತು. ಮೊದಲು ಅವರು ಐದು ಜನ. ಐದನೆಯವನು ಕೀಬೋರ್ಡ್ ಹುಡುಗ. ಆ ಗುಂಪಿನಲ್ಲಿ ಚಪ್ಪಲಿಯನ್ನು ಜೋಡಿಸಿಟ್ಟು ಮೇಲೆ ಹತ್ತುತ್ತಿದ್ದವನು, ನಮಸ್ಕಾರ ಅಂಕಲ್ ಅನ್ನುತ್ತಿದ್ದವನು ಅವನೊಬ್ಬನೇ. ಗಿಟಾರಿನವರು ತಂತಿ ಬಿಗಿಯುವ ಸಂದಿನಲ್ಲಿ ಹಳೇ ಸಿನಿಮಾ ಹಾಡಿನ ಒಂದು ಸಾಲು ನುಡಿಸುತ್ತಿದ್ದ. ಇಡೀ ವಾರದಲ್ಲಿ ನನಗೆ ಇಷ್ಟವಾಗುತ್ತಿದ್ದ ಅರ್ಧ ನಿಮಿಷ ಅದು. ಒಂದು ಶನಿವಾರ ಸದ್ದೇ ಇಲ್ಲ. "ಬ್ಯಾಂಡ್ ಮುಗೀತು ಅಂಕಲ್" ಅಂದ ಓನರ್ ಮಗ, ಜೋಲು ಮುಖದಲ್ಲಿ. ಛೆ ಅಂದೆ. ಆಮೇಲೆ ಹೋಗಿ ಕಾಲು ಕೇಜಿ ಮೈಸೂರ್ ಪಾಕ್ ತಂದೆ.

ಸೋಮವಾರ ಮತ್ತೆ ಶುರು. ನಾನು ಸೀಲಿಂಗ್ ನೋಡುತ್ತ ಕೂತಿದ್ದಾಗ ಬಾಗಿಲಲ್ಲಿ ಯಾರೋ ಬಂದರು. ಕೀಬೋರ್ಡ್ ಹುಡುಗ. ಕೈಯಲ್ಲಿ ಲ್ಯಾಬ್ ರೆಕಾರ್ಡ್. ಮೇಲಿನ ಗೇಟ್ ಹಾಕಿದೆ ಅಂಕಲ್, ಇದನ್ನ ಅವನಿಗೆ ಕೊಟ್ಟುಬಿಡ್ತೀರಾ ಅಂದ. ಅಷ್ಟರಲ್ಲಿ ತಲೆ ಮೇಲೆ ಧಡ್ ಧಡ್ ಧಡ್. ಹುಡುಗ ಮೇಲೆ ನೋಡಿದ. ನನ್ನನ್ನು ನೋಡಿದ.

"ಅಂಕಲ್, ಅದು..."

ಅಗ್ರಿಮೆಂಟ್ ಮುಂದಿನ ತಿಂಗಳು ರಿನ್ಯೂ ಆಗಬೇಕು. ಓನರ್ ಮಗನ ಗುಟ್ಟು ನಾನ್ಯಾಕೆ ಬಿಡಲಿ? "ಗ್ರೈಂಡರ್ ಕಣಪ್ಪ" ಅಂದೆ. "ನಾಳೆ ದೋಸೆ ಇರಬೇಕು."

ಹುಡುಗ ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಬೆರಳಲ್ಲಿ ರೆಕಾರ್ಡಿನ ರಟ್ಟಿನ ಮೇಲೆ ತಾಳ ಹಾಕಿದ. "ಗ್ರೈಂಡರ್ ನಾಲ್ಕನೇ ಏಟಿಗೆ ಲೇಟಾಗ್ತಿದೆ ಅಂಕಲ್" ಅಂದ. "ನಮ್ಮ ಡ್ರಮ್ಮರ್ ಕೂಡ ಹಾಗೇ." ರೆಕಾರ್ಡ್ ಕೊಟ್ಟು, ನಮಸ್ಕಾರ ಹೇಳಿ ಹೋದ.

ಅವತ್ತು ಸಂಜೆ ನಿಜವಾಗಿ ಸಿಟ್ಟು ಬಂದು ಮೇಲೆ ಹೋದೆ. ಆ ಹುಡುಗನಿಗೆ ನೇರವಾಗಿ ಹೇಳೋಕೆ ಆಗಲ್ವಾ ಅಂದೆ. ಉತ್ತರ ರೆಡಿ ಇತ್ತು. ಬ್ಲ್ಯಾಕ್ ಸಬ್ಬತ್ ಕೂಡ ಮೊದಲು ಆರು ಜನವಂತೆ. ಜಿಮ್ಮಿ ಫಿಲಿಪ್ಸ್ ಅಂತ ಇನ್ನೊಬ್ಬ ಗಿಟಾರಿನವನು, ಅಲನ್ ಕ್ಲಾರ್ಕ್ ಅಂತ ಸ್ಯಾಕ್ಸೋಫೋನಿನವನು. ಇಬ್ಬರಿಗೂ ಶ್ರದ್ಧೆ ಸಾಲದು ಅನ್ನಿಸಿತು, ಬಿಟ್ಟುಹೋಗಿ ಅನ್ನಲು ಬಾಯಿ ಬರಲಿಲ್ಲ. ಬ್ಯಾಂಡನ್ನೇ ಮುಚ್ಚುತ್ತಿದ್ದೇವೆ ಅಂತ ಹೇಳಿ, ಆಮೇಲೆ ನಾಲ್ವರೇ ಸದ್ದಿಲ್ಲದೆ ಮತ್ತೆ ಸೇರಿಕೊಂಡರು. ಅಷ್ಟು ಸದ್ದು ಮಾಡಿದ ಬ್ಯಾಂಡ್ ಸದ್ದಿಲ್ಲದೆ ಮಾಡಿದ ಕೆಲಸ ಇದೊಂದೇ ಇರಬೇಕು.

ಉಳಿದಿದ್ದನ್ನು ಮೊಬೈಲಿನಲ್ಲಿ ನಾನೇ ಹುಡುಕಿ ಓದಿದೆ. ಓದಬಾರದಿತ್ತು, ನಿದ್ದೆ ಬರಲಿಲ್ಲ. 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಒಂದೇ ದಿನದಲ್ಲಿ ಇಡೀ ಆಲ್ಬಂ ನುಡಿಸಿ ಮುಗಿಸಿದರು. (ಮೇಲಿನವರು ಗೌರಿ ಹಬ್ಬದಿಂದ ಮೂರು ಸ್ವರದಲ್ಲಿದ್ದಾರೆ.) 1970ರ ಫೆಬ್ರವರಿ 13, ಶುಕ್ರವಾರ ಅದು ಬಿಡುಗಡೆಯಾಗಿ ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಬಂದ ಎರಡನೆಯದು ಮೊದಲ ಸ್ಥಾನಕ್ಕೇ. ಕೊನೆಗೆ 2025ರ ಜುಲೈ 5ರಂದು, ಹುಟ್ಟಿ ಬೆಳೆದ ಅದೇ ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ವರೂ ಒಟ್ಟಿಗೆ ನಿಂತರು. ಓಜಿಗೆ ನಿಲ್ಲಲು ಆಗುತ್ತಿರಲಿಲ್ಲ, ಕೂತೇ ಹಾಡಿದ. ಅದೇ ತಿಂಗಳ 22ಕ್ಕೆ ಹೋಗಿಬಿಟ್ಟ. ಎಲ್ಲ ಓದಿದ ಮೇಲೂ ನನ್ನ ತಲೆಯಲ್ಲಿ ಉಳಿದದ್ದು ಸ್ಯಾಕ್ಸೋಫೋನಿನವನೇ. ಬ್ಯಾಂಡ್ ಮುಚ್ಚಿದೆ ಅಂತ ನಂಬಿ ಮನೆಗೆ ಹೋದವನು ಒಂದು ದಿನ ರೆಕಾರ್ಡ್ ಅಂಗಡಿ ಮುಂದೆ ನಡೆದು ಹೋಗುವಾಗ ಆ ನಾಲ್ಕು ಹೆಸರು ನೋಡಿ ಏನಂದುಕೊಂಡಿರಬಹುದು? ಯಾರ ಮನೆಯ ಗ್ರೈಂಡರ್ ನೆನಪಾಗಿರಬಹುದು?

ಮೊನ್ನೆ ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಲು ಮೂಲೆ ಅಂಗಡಿಗೆ ಹೋಗಿದ್ದೆ. ಗೋಡೆಯ ಮೇಲೆ ಪಿಜಿ ಜಾಹೀರಾತು, ಟ್ಯೂಷನ್ ಜಾಹೀರಾತುಗಳ ನಡುವೆ ಹೊಸ ಚೀಟಿ. ಕೈಬರಹ ಆ ಲ್ಯಾಬ್ ರೆಕಾರ್ಡಿನದೇ, ದುಂಡಗೆ. 'ಮೆಟಲ್ ಬ್ಯಾಂಡಿಗೆ ಗಿಟಾರ್, ಡ್ರಮ್ಸ್ ನುಡಿಸುವವರು ಬೇಕು. ಕೀಬೋರ್ಡ್, ಸ್ಪೀಕರ್ ಸ್ವಂತದ್ದಿದೆ. ಪ್ರಾಕ್ಟೀಸಿಗೆ ಜಾಗ ಇದ್ದವರಿಗೆ ಆದ್ಯತೆ.'

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು.

"ಪಾಪ, ಒಳ್ಳೆ ಹುಡುಗ. ಸಂಜೆ ನಮ್ಮ ಹಾಲ್ ಖಾಲಿನೇ ಇರುತ್ತಲ್ಲ, ಬಾರಪ್ಪ ಅಂದೆ" ಅಂದಳು. "ಮೇಲಿನವರಿಗೂ ಸ್ವಲ್ಪ ಕೇಳಿಸ್ಲಿ."

"ಓನರ್ ಬಂದು ಏನದು ಸದ್ದು ಅಂದ್ರೆ?"

"ಗ್ರೈಂಡರ್ ಅನ್ನಿ."