ಪ್ರಾಮಾಣಿಕತೆಗೆ ಒಂದು ಸ್ಟಾರ್, ಸಹಾಯಕ್ಕೆ ಎರಡು

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಮಕ್ಕಳ ಒಳ್ಳೆಯ ಗುಣಕ್ಕೆ ಶಾಲೆಯಲ್ಲಿ ಸ್ಟಾರ್ ಅಂಟಿಸುವುದು ನನಗೆ ಸರಿ ಕಾಣುತ್ತಿಲ್ಲ. ಹೋಂವರ್ಕ್‌ಗೆ ಕೊಡಲಿ, ದುಂಡಗಿನ ಕೈಬರಹಕ್ಕೆ ಕೊಡಲಿ, ತಕರಾರಿಲ್ಲ. ಆದರೆ ನನ್ನ ಮಗಳ ಕ್ಲಾಸಿನ ಗೋಡೆಯ ಚಾರ್ಟಿನಲ್ಲಿ ‘ಯೂನಿಫಾರ್ಮ್’ ಪಕ್ಕದಲ್ಲೇ ‘ಪ್ರಾಮಾಣಿಕತೆ’, ‘ಸಹಾಯ’ ಅಂತಲೂ ಕಾಲಂ ಇದೆ. ಶನಿವಾರ ಲೆಕ್ಕ ಹಾಕುತ್ತಾರೆ. ಜಾಸ್ತಿ ಸ್ಟಾರ್ ಇರುವವರಿಗೆ ಬ್ಯಾಡ್ಜು, ಚಾಕಲೇಟು.

ಬಿದ್ದ ಸಾಮಾನು ಸಿಕ್ಕಿದರೆ ಮಿಸ್‌ಗೆ ತಂದು ಕೊಡಬೇಕು, ಕೊಟ್ಟವರಿಗೆ ಪ್ರಾಮಾಣಿಕತೆಯ ಸ್ಟಾರ್. ಈ ನಿಯಮ ಬಂದ ಮೇಲೆ ಕ್ಲಾಸಿನಲ್ಲಿ ರಬ್ಬರ್, ಮೆಂಡರ್ ಕಳೆದುಹೋಗುವುದು ವಿಪರೀತ ಆಯಿತಂತೆ! ಒಬ್ಬ ಹುಡುಗ ತನ್ನ ಜೇಬಿನ ರಬ್ಬರನ್ನೇ ‘ಬೆಂಚಿನ ಕೆಳಗೆ ಸಿಕ್ಕಿತು ಮಿಸ್’ ಅಂತ ಕೊಟ್ಟು ಸ್ಟಾರ್ ಅಂಟಿಸಿಕೊಂಡ. ಮಧ್ಯಾಹ್ನ ಅವನ ಗೆಳೆಯ ಹೋಗಿ ‘ಅದು ನಂದು ಮಿಸ್’ ಅಂತ ಬಿಡಿಸಿಕೊಂಡು ಬಂದ. ಮಾರನೇ ದಿನ ಗೆಳೆಯನ ಸರದಿ. ಮಗಳು ಇದನ್ನು ಹೇಳಿದಾಗ ನಗು ತಡೆಯಲಾಗಲಿಲ್ಲ. ಪ್ರಾಮಾಣಿಕತೆಯ ಸ್ಟಾರ್‌ಗೋಸ್ಕರ ಸುಳ್ಳು, ಅದೂ ಪಾಲುದಾರಿಕೆಯಲ್ಲಿ.

ಆ ಹುಡುಗರನ್ನು ಬೈಯಲು ನನಗಂತೂ ಮನಸ್ಸಿಲ್ಲ. ಕೆ.ಜಿ. ಲೆಕ್ಕದಲ್ಲಿ ಕಾಫಿ ಕುಯ್ಯಿಸಿದವರಿಗೆ ಇದು ಹೊಸದೇನಲ್ಲ. ತೂಕಕ್ಕೆ ದುಡ್ಡು ಅಂದ ಮೇಲೆ ಹಣ್ಣಿನ ಜೊತೆ ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತದೆ. ಲೆಕ್ಕ ಹಾಗೆ ಇಟ್ಟವರು ನಾವೇ ಅಲ್ವಾ?

ಇದು ನನ್ನೊಬ್ಬನ ಅನುಮಾನ ಅಂದುಕೊಳ್ಳಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ನರ್ಸರಿ ಶಾಲೆಯೊಂದರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಮಾಡಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಸ್ಕೆಚ್ ಪೆನ್ನಿನಲ್ಲಿ ಖುಷಿಯಿಂದ ಚಿತ್ರ ಬಿಡಿಸುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ’ ಅಂತ ಮೊದಲೇ ಹೇಳಿದರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ಪೆನ್ನು ಹಿಡಿಯುವುದು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಏನೂ ಹೇಳದೆ ಕೊನೆಯಲ್ಲಿ ಸರ್ಟಿಫಿಕೇಟ್ ಕೊಟ್ಟ ಮಕ್ಕಳಿಗೆ ಹಾಗಾಗಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಚಿತ್ರ ಬಿಡಿಸುವುದೇ ಬೇರೆ, ಗುಣವೇ ಬೇರೆ ಅನ್ನಬಹುದು. ಸರಿ. 2008ರಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲೊ ಅನ್ನುವವರು 20 ತಿಂಗಳ ಕೂಸುಗಳನ್ನಿಟ್ಟು ನೋಡಿದ್ದಾರೆ. ದೊಡ್ಡವರ ಕೈಯಿಂದ ಜಾರಿದ್ದನ್ನು ಎತ್ತಿಕೊಡುವುದು ಆ ವಯಸ್ಸಿನವಕ್ಕೆ ತಾನಾಗಿ ಬರುತ್ತದೆ. ಎತ್ತಿಕೊಟ್ಟಾಗೆಲ್ಲ ಆಟದ ಸಾಮಾನು ಬಹುಮಾನ ಪಡೆದ ಕೂಸುಗಳು, ಬಹುಮಾನ ನಿಂತ ಮೇಲೆ ಉಳಿದವಕ್ಕಿಂತ ಕಮ್ಮಿ ಸಹಾಯ ಮಾಡಿದವು. ಬರೀ ಹೊಗಳಿಸಿಕೊಂಡವು ಮೊದಲಿನ ಹಾಗೇ ಮಾಡುತ್ತಿದ್ದವು.

ಇನ್ನು ಆ ಯೂನಿಫಾರ್ಮ್ ಕಾಲಂ. ನಿಜವಾಗಿ ಹೊಟ್ಟೆ ಉರಿಯುವುದು ಅದನ್ನು ನೋಡಿದರೆ. ಜೂನ್, ಜುಲೈಯಲ್ಲಿ ನಮ್ಮ ಕೊಡಗಿನ ಮಳೆ ಹೇಗೆ ಅಂತ ಹೇಳಬೇಕಾ? ಡಿ.ಸಿ. ರಜೆ ಕೊಡದ ದಿನ ಮಕ್ಕಳು ನೆಂದುಕೊಂಡೇ ಶಾಲೆಗೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ರಾತ್ರಿ ಬಚ್ಚಲ ಒಲೆಯ ಪಕ್ಕ ಶೂ ಇಟ್ಟು, ಒಳಗೆ ಪೇಪರ್ ತುರುಕಿ ಒಣಗಿಸುತ್ತೇವೆ. ಅಷ್ಟಕ್ಕೂ ಒಣಗದಿದ್ದರೆ ಇನ್ನೊಂದು ಜೊತೆ ಇದೆ. ತೋಟದ ಕೆಲಸದವರ ಲೈನ್‌ಮನೆಯಿಂದ ಬರುವ ಮಗುವಿಗೆ ಇರುವುದೇ ಒಂದು ಜೊತೆ. ಅವ್ವ ಬೆಳಿಗ್ಗೆ ಬೇಗ ತೋಟಕ್ಕೆ ಹೋಗಬೇಕು, ತಲೆ ಬಾಚಿ ಟೈ ಕಟ್ಟಿ ಕಳಿಸಲು ಮನೆಯಲ್ಲಿ ಯಾರೂ ಇಲ್ಲ. ಆ ಮಗು ಚಪ್ಪಲಿಯಲ್ಲಿ ಬಂತು, ಸ್ಟಾರ್ ಕಟ್. ಮಾರನೇ ದಿನವೂ ಕಟ್. ಅಲ್ಲಿ ಎಣಿಸುತ್ತಿರುವುದು ಮಗುವಿನ ನಡತೆಯನ್ನಲ್ಲ, ಮನೆಯಲ್ಲಿ ಎಷ್ಟು ಜೊತೆ ಶೂ ಇದೆ ಅನ್ನುವುದನ್ನು. ಆಮೇಲೆ ಉಳಿದ ಮಕ್ಕಳು ಖಾಲಿ ಸಾಲು ನೋಡಿ ಏನು ಹೇಳುತ್ತವೆ ಗೊತ್ತಾ? ‘ಅವನು ಬ್ಯಾಡ್ ಬಾಯ್ ಅಪ್ಪಾ, ಸ್ಟಾರೇ ಇಲ್ಲ.’ ನನ್ನ ಮಗಳ ಬಾಯಲ್ಲೇ ಕೇಳಿದ್ದು.

ಟೀಚರ್‌ಗಳ ಕಷ್ಟ ಗೊತ್ತಿಲ್ಲದೆ ಮಾತಾಡುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ. ಬಹಳ ಒಳ್ಳೆಯ ಕೆಲಸ, ಬೆತ್ತದ ಏಟು ತಿಂದು ಬೆಳೆದವನಾಗಿ ಹೇಳುತ್ತಿದ್ದೇನೆ. ಆದರೆ ತುಂಬಿದ ಕ್ಲಾಸು ಹಿಡಿತಕ್ಕೆ ಬರಬೇಕಲ್ಲ, ಬೆತ್ತದ ಜಾಗಕ್ಕೆ ಚಾರ್ಟ್ ಬಂತು. ಮಕ್ಕಳ ನೈತಿಕ ಬೆಳವಣಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದ ಲಾರೆನ್ಸ್ ಕೋಲ್‌ಬರ್ಗ್ ಪ್ರಕಾರ ಮೊದಲ ಮೆಟ್ಟಿಲು ಶಿಕ್ಷೆಯ ಭಯ, ಎರಡನೆಯದು ‘ನನಗೇನು ಲಾಭ’. ಮೇಲೆ ಇನ್ನೂ ನಾಲ್ಕಿವೆ. ಬೆತ್ತದಿಂದ ಸ್ಟಾರ್‌ಗೆ ಬಂದ ನಾವು ಒಂದು ಮೆಟ್ಟಿಲು ಹತ್ತಿ ಅಲ್ಲೇ ಕೂತಿದ್ದೇವೆ. ಬೆತ್ತಕ್ಕೂ ಸ್ಟಾರ್‌ಗೂ ನೋಡುವವರು ಒಬ್ಬರು ಇರಲೇಬೇಕು. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಚಿಪ್ಸ್ ಕವರ್ ಕೆಳಗೆ ಹಾಕಿದ ಮಗಳಿಗೆ ‘ಶಾಲೆಯಲ್ಲಿ ಹೀಗೇ ಮಾಡ್ತೀಯಾ?’ ಅಂತ ಕೇಳಿದರೆ, ‘ಇಲ್ಲಿ ಮಿಸ್ ಇಲ್ವಲ್ಲ ಅಪ್ಪಾ’ ಅಂದಳು. ಎಷ್ಟು ಸಲೀಸಾಗಿ!

ಹಾಗಾದರೆ ಹಾಕಿ ಕಪ್ ಕೂಡ ನಿಲ್ಲಿಸಬೇಕಾ ಅಂತ ಒಬ್ಬ ಗೆಳೆಯ ಕೇಳಿದ. ಯಾಕೆ ಮಾರಾಯ? 1997ರಲ್ಲಿ ಇಲ್ಲಿನ ಕರಡ ಅನ್ನುವ ಊರಿನಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿಯಲ್ಲೂ ಕಪ್ ಇದೆ, ಇರಲಿ. ಆಟಕ್ಕೆ ಗೆಲುವು ಸೋಲು ಬೇಕು. ಪಕ್ಕದಲ್ಲಿ ಬಿದ್ದವನನ್ನು ಎಬ್ಬಿಸಿದ್ದಕ್ಕೆ ಅಲ್ಲಿ ಯಾರೂ ಗೋಲ್ ಬರೆಯುವುದಿಲ್ಲ. ಇನ್ನು ಗಮನ ನಿಲ್ಲಿಸಲು ಕಷ್ಟಪಡುವ ಕೆಲವು ಮಕ್ಕಳಿಗೆ ಟೋಕನ್, ಸ್ಟಾರ್ ಉಪಯೋಗಕ್ಕೆ ಬರುತ್ತವೆ. ಅದು ಆ ಮಗುವಿಗೂ ಟೀಚರ್‌ಗೂ ನಡುವಿನ ವಿಷಯ, ಗೋಡೆಗೆ ಅಂಟಿಸುವಂಥದ್ದಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ನಾನು ಕೇಳುವುದು ಇಷ್ಟೇ. ಹೋಂವರ್ಕ್ ಕಾಲಂ ಬೇಕಾದರೆ ಇರಲಿ. ಪ್ರಾಮಾಣಿಕತೆ, ಸಹಾಯ, ಯೂನಿಫಾರ್ಮ್ ಮೂರನ್ನೂ ತೆಗೆಯಿರಿ. ಯಾವುದಾದರೂ ಮಗು ತಾನಾಗಿ ಒಳ್ಳೆಯದು ಮಾಡಿದ್ದು ಕಣ್ಣಿಗೆ ಬಿದ್ದರೆ ಹತ್ತಿರ ಕರೆದು, ‘ನೀನು ಬ್ಯಾಗ್ ಹಿಡಿದುಕೊಂಡೆಯಲ್ಲ, ಅವಳಿಗೆ ಇಳಿಯೋದು ಸುಲಭ ಆಯ್ತು’ ಅಂತ ಆದದ್ದನ್ನು ಆದ ಹಾಗೆ ಹೇಳಿ. ಮೇಲೆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಮೊದಲೇ ಹೇಳದೆ ಕೊಟ್ಟದ್ದು ಕೆಡಿಸಲಿಲ್ಲ ಅಂತ, ಅದಕ್ಕೇ. ಇದಕ್ಕೆ ಖರ್ಚಿಲ್ಲ, ಶನಿವಾರದ ಲೆಕ್ಕವೂ ಇಲ್ಲ.

ಟೀಚರ್‌ಗಳು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಚಾರ್ಟ್ ತೆಗೆದು ನೋಡಿದವರಿದ್ದೀರಾ? ಮೊದಲ ಕೆಲವು ವಾರ ಗಲಾಟೆ ಎಷ್ಟಿತ್ತು, ಹೇಗೆ ಸುಧಾರಿಸಿದಿರಿ? ಸಭೆಯಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ, ಸದ್ಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.