ಸುಣ್ಣ, ಹುಳಿ, ಸಲಹೆ ಹಾಕಬಾರದು

ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಯಾರೂ ಏನನ್ನೂ ಬೆಳೆಸಬೇಕಾಗಿಲ್ಲ. ಬೀರುವಿನೊಳಗಿನ ಚರ್ಮದ ಬೆಲ್ಟಿನ ಮೇಲೆ ಬೂಷ್ಟು, ಕಾಂಪೌಂಡಿನ ಮೇಲೆ ಪಾಚಿ, ಪಾಚಿಯ ಮೇಲೆ ಜರಿಗಿಡ, ಬೇಲಿಗೆಂದು ಹುಗಿದ ಹಾಲುವಾಣದ ಗೂಟಕ್ಕೆ ಚಿಗುರು, ಎಲ್ಲವೂ ತಮ್ಮಷ್ಟಕ್ಕೆ ತಾವೇ ಬರುತ್ತವೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಸಂಸಾರ ಮಾಡುವುದೆಂದರೆ, ಬೇಡದ್ದು ಬೆಳೆಯದಂತೆ ನೋಡಿಕೊಳ್ಳುವುದು. ಇಂಥ ಊರಿನಲ್ಲಿ, ಇಂಥ ತಿಂಗಳುಗಳಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ ಲೆಟ್ಯೂಸ್ ಸಸಿಗಳು ಮಾತ್ರ ಬೆಳೆಯುವುದಿಲ್ಲವೆಂದು ಹಟ ಹಿಡಿದು ಕುಳಿತವು.

ಬ್ಯಾಂಕಿನಿಂದ ನಿವೃತ್ತರಾದ ಅಪ್ಪ ದಿನವಿಡೀ ಮಳೆ ನೋಡುತ್ತಾ ಕೂರಬಾರದೆಂದು ಬೆಂಗಳೂರಿನಲ್ಲಿರುವ ಮಗಳು ಕಳುಹಿಸಿದ ಉಡುಗೊರೆ ಅದು, ನೀರಿನಲ್ಲೇ ಸೊಪ್ಪು ಬೆಳೆಸುವ ಪೆಟ್ಟಿಗೆ. ಮುಚ್ಚಳದಲ್ಲಿ ಹನ್ನೆರಡು ತೂತುಗಳಿರುವ ಬಿಳಿ ಪ್ಲಾಸ್ಟಿಕ್ ತೊಟ್ಟಿ, ತೂತುಗಳಲ್ಲಿ ಕೂರುವ ಜಾಲರಿ ಬಟ್ಟಲುಗಳು, ತೆಂಗಿನ ನಾರಿನ ಪುಡಿಯ ಬಿಲ್ಲೆಗಳು, ನೀರಿಗೆ ಗಾಳಿ ಊದುವ ಪಂಪು, ‘ಎ’ ಮತ್ತು ‘ಬಿ’ ಎಂದು ಬರೆದ ಎರಡು ಬಾಟಲಿ ಪೋಷಕಾಂಶ, ನೀರು ಎಷ್ಟು ಹುಳಿಯೆಂದು, ಅಂದರೆ ಅದರ ಪಿಎಚ್ ಎಷ್ಟೆಂದು, ಬಣ್ಣದಿಂದ ತೋರಿಸುವ ಹನಿ, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಪೆನ್ನಿನ ಗಾತ್ರದ ಮೀಟರು. ಇಲ್ಲದ್ದು ಮಣ್ಣೊಂದೇ. ನಾಪೋಕ್ಲಿನ ಹತ್ತಿರ ಕಾಫಿ ತೋಟವಿರುವ ನಮ್ಮ ಭಾವ, ಅಂದರೆ ಇವರ ಅಣ್ಣ, ಶುಕ್ರವಾರದ ಸಂತೆಗೆ ಬಂದವರು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಮಣ್ಣಿಗೇನು ಬರವೇ ನಮ್ಮಲ್ಲಿ? ಒಂದು ಜೀಪು ಕಳುಹಿಸುತ್ತಿದ್ದೆನಲ್ಲ” ಎಂದರು.

ಲೆಕ್ಕ ಬರೆದ ಕೈ ಸುಮ್ಮನಿರುವುದಿಲ್ಲ. ನಮ್ಮವರು ಅಟ್ಟದಿಂದ ಹಳೆಯ ಲೆಡ್ಜರ್ ಒಂದನ್ನು ಇಳಿಸಿ, ದಿನಾಂಕ, ಪಿಎಚ್, ಲವಣ, ನೀರಿನ ಉಷ್ಣತೆ ಎಂದು ಗೆರೆ ಎಳೆದರು. ಸತ್ತ ಸಸಿಗಳಿಗೆಂದು ಕೆಂಪು ಶಾಯಿಯಲ್ಲಿ ಇನ್ನೊಂದು ಕಾಲಂ. ಅದರ ಹೆಸರು ‘ವಸೂಲಾಗದ ಸಾಲ’. ಮೀಟರಂತೂ ಅವರ ಜೇಬಿನಿಂದ ಇಳಿಯಲೇ ಇಲ್ಲ. ನಮ್ಮ ಬಾವಿಯ ನೀರಿಗೆ ಅದರ ಅಂಕಿ ನೂರನ್ನೂ ಮುಟ್ಟಲಿಲ್ಲ. ಇಷ್ಟು ಮಳೆ ತೊಳೆದ ನೆಲದಲ್ಲಿ ನೀರಿಗೆ ಕರಗಿಸಿಕೊಳ್ಳಲು ಏನು ತಾನೇ ಉಳಿದೀತು? ಆಮೇಲೆ ಅದು ನನ್ನ ತಿಳಿಸಾರಿಗೂ ಇಳಿಯಿತು. ತೋರಿಸಲು ಅಂಕಿ ಸಾಲದೆ ಮೀಟರು ಕೈಚೆಲ್ಲಿತು. ಸಾರಿಗೆ ಉಪ್ಪು ಜಾಸ್ತಿ ಎಂದು ಮದುವೆಯಾದಾಗಿನಿಂದ ಗೊಣಗುತ್ತಾ ಬಂದವರಿಗೆ ಅಂದು ಲಿಖಿತ ಸಾಕ್ಷಿ ಸಿಕ್ಕಿತು. ಲೆಡ್ಜರಿನಲ್ಲಿ ಆ ದಾಖಲೆ ಈಗಲೂ ಇದೆ.

ಮೊದಲ ಬಿತ್ತನೆ ಮೊಳೆಯಲೇ ಇಲ್ಲ. ಲೆಟ್ಯೂಸ್ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಬಿಲ್ಲೆಯ ಮೇಲೆ ಉದುರಿಸಿ ಸುಮ್ಮನೆ ಒತ್ತಿದರೆ ಸಾಕು. ಇವರು ಬೆರಳು ಇಳಿಯುವಷ್ಟು ಆಳಕ್ಕೆ ತಳ್ಳಿ, ಮೇಲೆ ಭದ್ರವಾಗಿ ಮುಚ್ಚಿದ್ದರು. ಭಾವ ಮಾತ್ರ ಗಾಬರಿಯಾಗಲಿಲ್ಲ. ಕಾಫಿ ಬೀಜ ಮೇಲೇಳಲು ಒಂದೂವರೆ ತಿಂಗಳು ಬೇಕು, ಅಲ್ಲಿಯವರೆಗೆ ಯಾರೂ ಕೆದಕಿ ನೋಡುವುದಿಲ್ಲ, ಬ್ಯಾಂಕಿನವರಿಗೆ ತಾಳ್ಮೆ ಇಲ್ಲ ಎಂದು ಹೇಳಿ ಊಟ ಮುಗಿಸಿ ಹೋದರು. ಎರಡನೆಯ ಸಲ ಮೇಲ್ಮೈಯಲ್ಲೇ ಉದುರಿಸಿದ ಬೀಜಗಳು ನಾಲ್ಕೈದು ದಿನಗಳಲ್ಲಿ ಕಣ್ಣುಬಿಟ್ಟವು.

ಬಿಟ್ಟ ಕಣ್ಣಿಗೆ ಕಾಣಲು ಸೂರ್ಯನೇ ಇರಲಿಲ್ಲ. ಸಸಿಗಳು ಕತ್ತು ಉದ್ದ ಮಾಡಿ, ಬೆಳ್ಳಗೆ, ನೂಲಿನ ಎಳೆಯಷ್ಟೇ ದಪ್ಪವಾಗಿ ಕಿಟಕಿಯ ಕಡೆಗೆ ಬಾಗಿದವು. ತುದಿಯಲ್ಲಿ ಎರಡು ಪುಟಾಣಿ ಎಲೆ. ಅದರ ಭಾರಕ್ಕೇ ಕೆಲವು ಅಡ್ಡಬಿದ್ದವು. ಭಾವ ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟರು: “ನೆರಳು ಜಾಸ್ತಿಯಾಗಿದೆ. ಮರ ಕಪಾತು ಮಾಡಿಸು.”

ನಕ್ಕವಳು ನಾನು. ಆದರೆ ಮಗಳು ವೀಡಿಯೊ ಕರೆಯಲ್ಲಿ ಹೇಳಿದ್ದೂ ಅದನ್ನೇ, ಮರದ ಮಾತೊಂದನ್ನು ಬಿಟ್ಟು. ಬೆಳಕು ಸಾಲದ ಸಸಿ ಬೆಳಕನ್ನು ಹುಡುಕಿಕೊಂಡು ಉದ್ದವಾಗುತ್ತದೆ. ದಿನಕ್ಕೆ 14ರಿಂದ 16 ಗಂಟೆ ಎಲ್‌ಇಡಿ ದೀಪ ಉರಿಸಬೇಕು, ಅದೂ ಸಸಿಯ ನೆತ್ತಿಗೆ ಒಂದು ಗೇಣು ಹತ್ತಿರದಲ್ಲಿ. ಆಮೇಲೆ ನಾನು ಗಮನಿಸುತ್ತಾ ಬಂದೆ. ರೋಗ ಹೇಳುವುದರಲ್ಲಿ ಭಾವ ಎಂದೂ ತಪ್ಪಿದವರಲ್ಲ, ಮದ್ದು ಹೇಳುವುದರಲ್ಲಿ ಎಂದೂ ಸರಿ ಹೋದವರಲ್ಲ. ಬುಡ ಸೊರಗಿ ಬಿದ್ದ ಸಸಿಯನ್ನು ಎರಡು ಬೆರಳಿನಲ್ಲಿ ಎತ್ತಿ, “ಬುಡ ಕೊಳೆತಿದೆ, ನರ್ಸರಿಯಲ್ಲಿ ಬರುವ ರೋಗವೇ ಇದು, ಬಿಲ್ಲೆ ಒದ್ದೆ ಜಾಸ್ತಿ, ಗಾಳಿ ಆಡುತ್ತಿಲ್ಲ” ಎಂದರು. ಅಕ್ಷರಶಃ ಸರಿ. ಅದರ ಬೆನ್ನಿಗೇ, “ಒಂದು ಬೋರ್ಡೋ ಹೊಡೆದುಬಿಡು” ಎಂದರು. ಎಕರೆಗಟ್ಟಲೆ ಕಾಫಿಗೆ ಕೊಳೆರೋಗ ಬಾರದಂತೆ ಹೊಡೆಯುವ ಮೈಲುತುತ್ತದ ದ್ರಾವಣವನ್ನು ಜಗಲಿಯ ಮೇಲಿನ ತಿನ್ನುವ ಸೊಪ್ಪಿಗೆ! ನಾವು ಸಣ್ಣದೊಂದು ಟೇಬಲ್ ಫ್ಯಾನ್ ಇಟ್ಟೆವು. ಚಳಿಗೆ ನಾವು ಕಂಬಳಿ ಹೊದ್ದು ಕುಳಿತಿದ್ದಾಗ ಸಸಿಗಳು ಫ್ಯಾನಿನ ಗಾಳಿಯಲ್ಲಿದ್ದವು.

ಇನ್ವರ್ಟರಿನ ವಿಷಯದಲ್ಲೂ ಮನೆಯ ಹಿರಿತನ ಬದಲಾಯಿತು. ಮಳೆಗಾಲದಲ್ಲಿ ಎಲ್ಲೋ ಮರ ಬಿದ್ದು ತಂತಿ ಹರಿಯುವುದು, ಕರೆಂಟು ಹೋಗುವುದು ನಮಗೆ ಹೊಸತಲ್ಲ. ಹಿಂದೆಲ್ಲ ಇನ್ವರ್ಟರು ಅಡುಗೆಮನೆಗೂ ಟಿವಿಗೂ ಸೇರಿತ್ತು. ಈಗ ಮೊದಲು ಲೆಟ್ಯೂಸಿನ ದೀಪ, ಆಮೇಲೆ ಲೆಟ್ಯೂಸಿನ ಪಂಪು, ಮಿಕ್ಕಿದರೆ ನಾವು. ನಾನು ಮೇಣದ ಬತ್ತಿಯ ಬೆಳಕಿನಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಜಗಲಿಯಲ್ಲಿ ಹಗಲಾಗಿತ್ತು.

ಇಷ್ಟಾದರೂ ಎಲೆಯ ಅಂಚು ಕಂದಿತು. ಮೊದಲ ಎರಡು ಎಲೆಗಳಲ್ಲಿ ಬೀಜ ತಂದ ಬುತ್ತಿಯೇ ಇರುತ್ತದೆ. ನಿಜವಾದ ಎಲೆ ಮೂಡುವವರೆಗೆ ಸಸಿಗೆ ಬರಿಯ ನೀರು ಸಾಕು, ಆಮೇಲೂ ಪೋಷಕಾಂಶವನ್ನು ಅರ್ಧಕ್ಕಿಂತ ಕಡಿಮೆಯಿಂದ ಶುರುಮಾಡಬೇಕು. ಇವರು ಬೆಳೆದ ಗಿಡದ ಪೂರ್ತಿ ಪ್ರಮಾಣವನ್ನು ಮೊದಲ ದಿನವೇ ಮಂಜೂರು ಮಾಡಿದ್ದರು. ಸಾಲದ್ದಕ್ಕೆ, ಎರಡೂ ಕೊನೆಗೆ ಒಂದೇ ತೊಟ್ಟಿಗೆ ಹೋಗುತ್ತವಲ್ಲ ಎಂದು ‘ಎ’ ಮತ್ತು ‘ಬಿ’ಯನ್ನು ನೀರು ಸೇರಿಸದೆ ನನ್ನ ಸ್ಟೀಲ್ ಲೋಟದಲ್ಲೇ ಬೆರೆಸಿದರು. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಫಾಸ್ಫೇಟ್ ಮತ್ತು ಸಲ್ಫೇಟ್. ಮಂದವಾಗಿ ಸೇರಿದರೆ ಅವು ಗಿಡಕ್ಕೆ ದಕ್ಕದ ಬಿಳಿ ಗಷ್ಟವಾಗಿ ತಳ ಸೇರುತ್ತವೆ. ಬಾಟಲಿ ಎರಡು ಇರುವುದೇ ಅದಕ್ಕೆ. ಲೋಟವನ್ನು ಹುಣಸೆಹಣ್ಣು ಹಾಕಿ ಉಜ್ಜಿದವಳಿಗೆ ಈ ರಸಾಯನಶಾಸ್ತ್ರ ಚೆನ್ನಾಗಿ ನೆನಪಿರುತ್ತದೆ.

ಜುಲೈನ ಒಂದು ರಾತ್ರಿ ನೀರು ಕುಡಿಯಲೆಂದು ಎದ್ದೆ. ಕಾಲು ತಣ್ಣಗಾಯಿತು. ಕರೆಂಟು ಹಿಂದಿನ ದಿನವೇ ಹೋಗಿತ್ತು, ಇನ್ವರ್ಟರು ಅದೇ ಆಗ ಕೈಕೊಟ್ಟಿತ್ತು. ಕೊಡಗಿನಲ್ಲಿ ಮಳೆಗಾಲದ ನಡುರಾತ್ರಿ ನೆಲ ಒದ್ದೆಯಾಗಿದ್ದರೆ ಯಾರೂ ನೆಲ ನೋಡುವುದಿಲ್ಲ, ಮೇಲೆ ನೋಡುತ್ತಾರೆ. ಹೆಂಚು ಜಾರಿದೆಯೆಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಇವರು ಟಾರ್ಚನ್ನು ಸೂರಿಗೆ ಹಿಡಿದರು, ನಾನು ಬಕೆಟ್ ಇಟ್ಟೆ, ಸರಿಸಿದೆ, ಇನ್ನೊಂದು ತಂದೆ. ಬಕೆಟ್ಟಿನೊಳಗೆ ಒಂದು ಹನಿಯೂ ಬೀಳದೆ ಬಕೆಟ್ಟಿನ ಸುತ್ತ ನೀರು ಏರುತ್ತಲೇ ಇತ್ತು. ಕೊನೆಗೆ ಟಾರ್ಚು ಕೆಳಗಿಳಿಯಿತು. ತೊಟ್ಟಿ ಬೆಂಚಿನ ಮೇಲೆ, ಪಂಪು ನೆಲದ ಮೇಲೆ. ಪಂಪು ಗಾಳಿ ಊದುವುದು ನಿಂತೊಡನೆ ಅದೇ ಸಣ್ಣ ಕೊಳವೆ ತೊಟ್ಟಿಯ ನೀರನ್ನು ಕೆಳಕ್ಕೆ ಎಳೆದು ಜಗಲಿಗೆ ಬಿಡುತ್ತಿತ್ತು. ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಇಡಬೇಕು, ಇಲ್ಲವೇ ಕೊಳವೆಗೆ ಒಮ್ಮುಖ ವಾಲ್ವ್ ಹಾಕಬೇಕು ಎಂದು ಸೂಚನೆಯ ಹಾಳೆಯಲ್ಲಿ ಇತ್ತು. ಹಾಳೆ ಆ ನೀರಿನಲ್ಲಿ ತೇಲುತ್ತಿತ್ತು. ಬೆಳಗ್ಗೆ ಕೆಂಪು ಕಾವಿ ನೆಲ ಒಣಗಿದಾಗ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಪೋಷಕಾಂಶದ ಬಿಳಿ ಗೆರೆ ಸ್ಪಷ್ಟವಾಗಿ ತೋರಿಸಿತು. ಎಷ್ಟು ಒರೆಸಿದರೂ ಅದು ಪೂರ್ತಿ ಹೋಗಿಲ್ಲ.

ಅಷ್ಟರಲ್ಲಿ ಆಗಸ್ಟ್ ಬಂತು. ಕೊಡವರ ಕಕ್ಕಡ ತಿಂಗಳು, ನಮ್ಮ ಆಟಿ. ಹದಿನೆಂಟನೆಯ ದಿನ, ಆಗಸ್ಟ್ 3ಕ್ಕೆ, ಮದ್ದುಸೊಪ್ಪಿನ ಪಾಯಸ ಆಗಲೇಬೇಕು. ಅದಕ್ಕೆಂದು ಬಂದ ಇವರ ಸೋದರತ್ತೆ ಬೇಲಿಯ ಬದಿಯಲ್ಲಿ ಯಾರೂ ನೆಡದೆ ಬೆಳೆದ ಮದ್ದುಸೊಪ್ಪನ್ನು ಒಂದು ಹೊರೆ ಕೊಯ್ದು ತಂದು, ಜಗಲಿಯ ಲೆಟ್ಯೂಸ್ ನೋಡಿ, “ಇದಕ್ಕೇನು ಕಾಯಿಲೆ?” ಎಂದು ಕೇಳಿದರು. ವಾಸ್ತವದಲ್ಲಿ ಆ ವಾರ ಕಾಯಿಲೆ ಇರಲಿಲ್ಲ. ಅಡ್ಡಬಿದ್ದವುಗಳ ಜಾಗಕ್ಕೆ ಮತ್ತೆ ಬಿತ್ತಿದ್ದೂ ಸೇರಿ ಏಳೆಂಟು ಸಸಿಗಳು ಚೇತರಿಸಿಕೊಂಡಿದ್ದವು, ಪಿಎಚ್ 6ರ ಆಸುಪಾಸಿನಲ್ಲಿತ್ತು. ಲೆಟ್ಯೂಸಿಗೆ ಬೇಕಾದದ್ದು 5.5ರಿಂದ 6.5. ಭಾವ ಮಾತ್ರ ಲೆಡ್ಜರಿನ ಮೇಲೆ ಬೆರಳಿಟ್ಟು, “ಏಳಕ್ಕಿಂತ ಕಡಿಮೆ ಅಂದರೆ ಹುಳಿ. ಸುಣ್ಣ ಹಾಕದೆ ನಮ್ಮ ಕಡೆ ಏನೂ ಏಳುವುದಿಲ್ಲ” ಎಂದರು. ಹುಳಿ ಮಣ್ಣಿನ ತೋಟದಲ್ಲಿ ಸುಣ್ಣ ಎರಚಿಸಿ ಬದುಕಿದವರು. ಹೇಳಿದ್ದು ತೋಟಕ್ಕೆ ಸರಿ. ಇವರು ಮೊದಲ ಬಾರಿಗೆ ಅಣ್ಣನಿಗೆ ಎದುರಾಡಿ, ಆಗುವುದಿಲ್ಲ ಎಂದರು. ಭಾವ ಬೇಸರದಿಂದ ಕೊಡೆ ಬಿಡಿಸಿಕೊಂಡು ಹೋದರು. ಮಾತು ಅಲ್ಲಿಗೇ ಮುಗಿಯಿತೆಂದು ನಾವು ತಿಳಿದೆವು. ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅತ್ತೆ ಹಾಗೆ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಹನಿ ಹಾಕಿದರೆ ಹಳದಿ ಬರಬೇಕಾದ ಕೊಳವೆ ನೀಲಿಯಾಗಿತ್ತು. ಇವರು ಕನ್ನಡಕ ಒರೆಸಿ ಮತ್ತೆ ನೋಡಿದರು. ನೀಲಿಯೇ. ಕೆಲವು ದಿನಗಳಲ್ಲಿ ಹೊಸ ಎಲೆಗಳು ನರ ಮಾತ್ರ ಹಸಿರಾಗಿ, ನಡುವೆಲ್ಲ ಹಳದಿಯಾದವು. ತೊಟ್ಟಿಯಲ್ಲಿ ಕಬ್ಬಿಣವಿದೆ, ಆದರೆ ಪಿಎಚ್ ಏರಿದ್ದರಿಂದ ಬೇರಿಗೆ ಸಿಗುತ್ತಿಲ್ಲ ಎಂದು ಮಗಳು ವಿವರಿಸಿದಳು. “ಅಂದರೆ ಖಾತೆಯಲ್ಲಿ ಹಣವಿದೆ, ಎಟಿಎಂ ಕೆಟ್ಟಿದೆ” ಎಂದು ಇವರು ಥಟ್ಟನೆ ಅರ್ಥಮಾಡಿಕೊಂಡರು. ವಿಚಾರಣೆ ನಡೆದಾಗ ಅತ್ತೆ ಏನನ್ನೂ ಮುಚ್ಚಿಡಲಿಲ್ಲ. “ಅಣ್ಣ ಹೇಳಿದರೂ ನೀನು ಕೇಳಲಿಲ್ಲ. ಅದಕ್ಕೆ ನನ್ನ ಡಬ್ಬಿಯದನ್ನೇ ಇಷ್ಟು ಹಾಕಿದೆ” ಎಂದು ಸುಣ್ಣ ಮೆತ್ತಿದ ಹೆಬ್ಬೆರಳು ತೋರಿಸಿದರು.

ಇಳಿಸಲು ಏನು ಹಾಕಬೇಕೆಂದು ಕೇಳಿದಾಗ ಮಗಳು, ಅದಕ್ಕೆಂದೇ ಫಾಸ್ಫಾರಿಕ್ ಆಮ್ಲದ ಬಾಟಲಿ ಸಿಗುತ್ತದೆ, ಬರುವವರೆಗೆ ಸುಮ್ಮನಿರಿ, ಇಲ್ಲವೇ ನೀರನ್ನೇ ಬದಲಿಸಿಬಿಡಿ ಎಂದಳು. ಎರಡೂ ಬುದ್ಧಿಮಾತುಗಳೇ, ಹಾಗಾಗಿ ನಮ್ಮಲ್ಲಿ ನಡೆಯಲಿಲ್ಲ. “ಹುಳಿ ಬೇಕಾದರೆ ಮನೆಯಲ್ಲೇ ಇದೆಯಲ್ಲ” ಎಂದು ಅತ್ತೆ ಕಾಚಂಪುಳಿಯ ಸೀಸೆ ತಂದರು. ಪುಳಿಯ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಕುದಿಸಿ ಕರ್ರಗೆ ಮಾಡಿದ, ಪಂದಿ ಕರಿಗೆ ಇಳಿಸುವ ಮುನ್ನ ಹಾಕುವ ಕೊಡಗಿನ ಹುಳಿ. ಒಂದು ಚಮಚ ಹೋಯಿತು. ನೀಲಿ ಹಸಿರಾಯಿತು. ಇನ್ನೊಂದು ಚಮಚ. ಹಸಿರು ಹಳದಿಯಾಯಿತೋ, ಕಾಚಂಪುಳಿಯ ಬಣ್ಣವೇ ಹಾಗೆ ಕಾಣುತ್ತಿದೆಯೋ ಎಂಬುದು ಯಾರಿಗೂ ತಿಳಿಯಲಿಲ್ಲ. ಲೆಡ್ಜರಿನ ಆ ದಿನದ ಪಿಎಚ್ ಕಾಲಮಿನಲ್ಲಿ ‘ಕಂದು’ ಎಂದು ಬರೆದಿದೆ.

ಹಣ್ಣಿನ ಹುಳಿಯನ್ನು ಬ್ಯಾಕ್ಟೀರಿಯಾಗಳು ಹಬ್ಬದೂಟ ಮಾಡುತ್ತವೆ. ಉಣ್ಣುತ್ತಾ ನೀರಿನಲ್ಲಿರುವ ಆಮ್ಲಜನಕವನ್ನೂ ಮುಗಿಸುತ್ತವೆ. ಹುಳಿ ತೀರಿದಂತೆ ಪಿಎಚ್ ಮತ್ತೆ ಏರುತ್ತದೆ. ನಿಂಬೆ ಹಿಂಡಿದರೂ ಕಥೆ ಇದೇ. ಮುಚ್ಚಳ ಎತ್ತಿದರೆ, ಬೆಳ್ಳಗಿರಬೇಕಾದ ಬೇರುಗಳು ಕಂದಾಗಿ ಲೋಳೆ ಸುತ್ತಿಕೊಂಡಿದ್ದವು. ಬೆರಳಿನಲ್ಲಿ ಹಿಡಿದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿಯುತ್ತಿತ್ತು. ಪಕ್ಕದ ಮನೆಯವರು ಬೇಲಿಯಾಚೆಯಿಂದ, ನಿಮ್ಮಲ್ಲಿ ಇವತ್ತು ಪಂದಿಯೇ ಎಂದು ಕೇಳಿದರು. ಆ ದಿನ ನಮ್ಮಲ್ಲಿ ಬರಿಯ ಗಂಜಿ, ಚಟ್ನಿ.

ಕಡೆಗೆ ಮಗಳು ಮೊದಲೇ ಹೇಳಿದ್ದನ್ನು ಮಾಡಿದೆವು. ಎಲ್ಲ ನೀರನ್ನೂ ಹೊರಚೆಲ್ಲಿ, ತೊಟ್ಟಿ ತೊಳೆದು, ಬೆಳಕು ಒಳಹೋಗಿ ಪಾಚಿ ಕಟ್ಟದಂತೆ ಸುತ್ತ ಕಪ್ಪು ಪ್ಲಾಸ್ಟಿಕ್ ಕಟ್ಟಿ, ಹೊಸ ನೀರಿಗೆ ಮೊದಲು ‘ಎ’, ಚೆನ್ನಾಗಿ ಕಲಕಿದ ಮೇಲೆ ‘ಬಿ’. ಬೇರಿನ ಮೇಲ್ಭಾಗ ಉಸಿರಾಡಲೆಂದು ನೀರನ್ನು ಕಂಠದವರೆಗೆ ತುಂಬಿಸಲಿಲ್ಲ. ನಾಲ್ಕು ಸಸಿಗಳು ಉಳಿದವು. ಅವುಗಳ ಎಲೆ ಈಗ ಅಂಗೈ ಅಗಲ ಇದೆ. ಒಂದನ್ನು ಹಸಿಯಾಗಿ ತಿಂದು ನೋಡಿದ ಅತ್ತೆ, ಇದಕ್ಕೆ ರುಚಿ ಯಾವಾಗ ಬರುತ್ತದೆ ಎಂದು ಕೇಳಿದರು. ಇವರು ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದಾರೆ: ‘ಇದರೊಳಗೆ ಸುಣ್ಣ, ಹುಳಿ, ಸಲಹೆ ಏನನ್ನೂ ಹಾಕಬಾರದು’.

ಮುಂದಿನ ಶುಕ್ರವಾರ ಬಂದ ಭಾವ ಚೀಟಿಯನ್ನು ಓದಿಯೂ ಓದದವರಂತೆ ಜಗಲಿಯಲ್ಲಿ ಕುಳಿತರು. ಮಳೆಯ ಸುದ್ದಿ, ಕಾಫಿ ಧಾರಣೆಯ ಸುದ್ದಿ ಮುಗಿಯಿತು. ಆಮೇಲೆ ಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಟ್ಟೊಂದನ್ನು ತೆಗೆದರು. ಕರಿಮೆಣಸಿನ ಬಳ್ಳಿಯ ತುಂಡುಗಳು. ಚೀಲದ ಮಣ್ಣಿನಲ್ಲಿ ನೆಟ್ಟವೆಲ್ಲ ಈ ಮಳೆಗೆ ಕೊಳೆತು ಹೋಗಿದ್ದವಂತೆ.

“ಎಂಟು ತೂತು ಖಾಲಿ ಇವೆಯಲ್ಲ” ಎಂದರು, ತೊಟ್ಟಿಯನ್ನು ನೋಡದೆ.

ಇವರು ಕನ್ನಡಕ ಏರಿಸಿ ಗಂಟಲು ಸರಿಮಾಡಿಕೊಂಡರು. “ನಿಮ್ಮ ತೋಟದ ನೀರಿನ ಪಿಎಚ್ ಎಷ್ಟು, ಅಣ್ಣ?”

“ಅದೆಲ್ಲ ಯಾರಿಗೆ ಗೊತ್ತು?”

“ಗೊತ್ತಿಲ್ಲದೆ ಹೇಗೆ?” ಎಂದು ಇವರು ಹೊಸ ಪುಟ ತೆರೆದರು. ಅಣ್ಣ ತಮ್ಮ ಇಬ್ಬರೂ ತೊಟ್ಟಿಯ ಮೇಲೆ ಬಾಗಿ, ಬಳ್ಳಿಯ ಗಿಣ್ಣು ನೀರಿನೊಳಗೆ ಇರಬೇಕೋ ಮೇಲಿರಬೇಕೋ ಎಂದು ವಾದಕ್ಕಿಳಿದರು. ಒಳಗಿನ ಕೋಣೆಯಲ್ಲಿ ಎಲೆ ಅಡಿಕೆ ಡಬ್ಬಿಯ ಮುಚ್ಚಳ ಟಕ್ಕೆಂದು ತೆರೆಯಿತು.

“ಅತ್ತೆ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.